ಬೇಕೆಂದೇ ತಡವಾಗುವ ಪೆಟ್ಟು

ಮೊದಲ ಸಲ ಆ ಕ್ಯಾಸೆಟ್ ಹಾಕಿದಾಗ ನಾನು ಬೈದದ್ದು ಟೇಪ್ ರೆಕಾರ್ಡರಿಗೆ. ಗೆಳೆಯನೊಬ್ಬ ತನ್ನ ಸೀಡಿಯಿಂದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದ. ಹೆಚ್ಚುಕಮ್ಮಿ ಎಂಬತ್ತು ನಿಮಿಷದ ಆಲ್ಬಮ್, ಅರುವತ್ತರದ್ದು ಸಾಲದೆ ತೊಂಬತ್ತು ನಿಮಿಷದ ಕ್ಯಾಸೆಟ್ಟೇ ತರಬೇಕಾಯಿತು. ಹಾಡು ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಎಲ್ಲೋ ಏನೋ ಜಾರುತ್ತಿದೆ ಅನ್ನಿಸಿತು. ಡ್ರಮ್ಮಿನ ಪೆಟ್ಟು ಬೀಳಬೇಕಾದಲ್ಲಿ ಬೀಳದೆ ಚೂರು ತಡೆದು ಬೀಳುತ್ತಿತ್ತು. ಬೇಸ್ ಗಿಟಾರ್ ಅದಕ್ಕೂ ಹಿಂದೆ, ಹಬ್ಬದೂಟ ಮುಗಿಸಿ ಎದ್ದು ಬರುವವನ ಹಾಗೆ. ಒಳಗಿನ ರಬ್ಬರ್ ಬೆಲ್ಟ್ ಸಡಿಲಾಗಿದೆ ಎಂದು ನಾನೇ ತೀರ್ಮಾನಿಸಿ, ಮುಚ್ಚಳ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸಿ, ಬೆಲ್ಟನ್ನೂ ಬದಲಿಸಿದೆ. ಮತ್ತೆ ಹಾಕಿದರೆ ಅದೇ ಜಾರಿಕೆ. ಪರೀಕ್ಷೆಗೆಂದು ರಾಜ್‌ಕುಮಾರ್ ಹಾಡುಗಳ ಕ್ಯಾಸೆಟ್ ಹಾಕಿದೆ. ಅದು ಒಂದಿಷ್ಟೂ ಅಲುಗದೆ ಓಡಿತು.

ಗೆಳೆಯ ಕೊಟ್ಟಿದ್ದ ಕ್ಯಾಸೆಟ್ಟಿನಲ್ಲಿದ್ದದ್ದು ಡಿ'ಏಂಜೆಲೊ ಎಂಬ ಅಮೆರಿಕದ ಸೋಲ್ ಗಾಯಕನ ಎರಡನೆಯ ಆಲ್ಬಮ್, ‘ವೂಡೂ’. 2000ದ ಜನವರಿ 25ರಂದು ಬಿಡುಗಡೆಯಾಗಿ, ಮೊದಲ ವಾರಕ್ಕೇ 3 ಲಕ್ಷ 20 ಸಾವಿರ ಪ್ರತಿ ಖರ್ಚಾಗಿ, ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೆಯ ಜಾಗಕ್ಕೇ ಹೋಗಿ ಕೂತದ್ದು. 2025ರ ಅಕ್ಟೋಬರ್ 14ರಂದು ಡಿ'ಏಂಜೆಲೊ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ ಬರೀ 51. ಸುದ್ದಿ ಬಂದ ದಿನ ಎಲ್ಲರೂ ಹಂಚಿಕೊಂಡದ್ದು ಒಂದೇ ಚಿತ್ರ: ಅಂಗಿಯಿಲ್ಲದ ಮೈ, ಹೆಣೆದು ಕಟ್ಟಿದ ಕೂದಲು, ಕತ್ತಿನಲ್ಲೊಂದು ಶಿಲುಬೆ. ವೂಡೂ ಅಂದರೆ ಮಾದಕ, ಮಾದಕ ಅಂದರೆ ಆ ಮೈ. ಇಪ್ಪತ್ತೈದು ವರ್ಷದಿಂದ ಲೆಕ್ಕ ಹೀಗೇ ನಡೆದುಬಂದಿದೆ. ನನ್ನ ತಕರಾರು ಇರುವುದು ಇಲ್ಲೇ. ಈ ಸಂಗೀತದ ಶೃಂಗಾರವೆಲ್ಲ ಇರುವುದು ನಾನು ಬೆಲ್ಟ್ ಬದಲಿಸಿ ಸರಿಮಾಡಲು ಹೊರಟಿದ್ದ ಆ ತಡದಲ್ಲಿ.

ಅದನ್ನು ನನಗೆ ತಿಳಿಸಿಕೊಟ್ಟವರು ಮೈಸೂರಿನ ನನ್ನ ಸೋದರಮಾವ. ಮೃದಂಗ ಬಲ್ಲವರು, ಇಂಗ್ಲಿಷ್ ಹಾಡೆಂದರೆ ಮೂಗು ಮುರಿಯುವವರು. ಅವರ ಮನೆಗೆ ಹೋದಾಗ ಹಟ ಮಾಡಿ ‘ಚಿಕನ್ ಗ್ರೀಸ್’ ಎಂಬ ಹಾಡು ಕೇಳಿಸಿದೆ. (ಹೆಸರಿನ ಅರ್ಥ ಹೇಳುವ ಧೈರ್ಯ ಆ ಮಡಿವಂತರ ಮನೆಯಲ್ಲಿ ನನಗಿರಲಿಲ್ಲ.) ಮಾವ ಕಣ್ಣು ಮುಚ್ಚಿ ತೊಡೆಯ ಮೇಲೆ ಆದಿತಾಳ ಹಾಕತೊಡಗಿದರು. ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಮೂರು ಆವರ್ತಕ್ಕೆ ಹುಬ್ಬು ಗಂಟಿಕ್ಕಿತು. ಆರಕ್ಕೆ ಗಂಟು ಬಿಚ್ಚಿತು. ಹತ್ತಕ್ಕೆ ನಕ್ಕರು.

“ಇವ್ರಿಗೆ ತಾಳ ಬರಲ್ಲ ಅಂದ್ಕೊಂಡ್ಯೇನೋ? ಚೆನ್ನಾಗಿ ಬರತ್ತೆ. ಬೇಕು ಅಂತಲೇ ಕಾಯಿಸ್ತಿದಾರೆ ಕಣೋ. ಬಂದೇ ಬರ್ತಾರೆ, ಆದ್ರೆ ನೀನು ಕರೆದಾಗ ಬರಲ್ಲ.”

ತಾಳ ಶುರುವಾದ ಮೇಲೆ, ಒಂದಿಷ್ಟು ಜಾಗ ಬಿಟ್ಟು ಹಾಡು ಎತ್ತಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಅದಕ್ಕೆ ಅನಾಗತ ಎಂಬ ಹೆಸರೇ ಇದೆ. ಆದರೆ ನಮ್ಮದು ಲೆಕ್ಕದ ತಡ. ಅರ್ಧ ಅಕ್ಷರ, ಮುಕ್ಕಾಲು, ಒಂದೂವರೆ ಎಂದು ಗುರು ಹೇಳಬಲ್ಲ, ಶಿಷ್ಯ ಎಣಿಸಬಲ್ಲ. ವೂಡೂವಿನ ತಡಕ್ಕೆ ಅಂಥ ಎಣಿಕೆಯಿಲ್ಲ. ಅರ್ಧ, ಕಾಲು, ಅರೆಕಾಲು ಎಂದು ಹೆಸರಿಟ್ಟ ಯಾವ ಮನೆಗೂ ಸೇರದೆ, ಎರಡು ಮನೆಗಳ ನಡುವಿನ ಸಂದಿಯಲ್ಲಿ ಪೆಟ್ಟು ಬೀಳುತ್ತದೆ. ತಾಳ ತಪ್ಪಿದರೂ ಕೇಳುವುದಕ್ಕೆ ಹೀಗೇ ಇರುತ್ತದೆ. ಹಾಗಿದ್ದರೆ ತಪ್ಪಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಹೇಗೆ? ತಪ್ಪುವವನು ಪ್ರತಿ ಸಲವೂ ಬೇರೆ ಬೇರೆ ಕಡೆ ತಪ್ಪುತ್ತಾನೆ. ಇಲ್ಲಿ ಸುತ್ತು ಸುತ್ತಿಗೂ ಅದೇ ಸಂದಿ, ಅಷ್ಟೇ ತಡ. ಮಾವನ ಹುಬ್ಬಿನ ಗಂಟು ಆರನೆಯ ಆವರ್ತಕ್ಕೆ ಬಿಚ್ಚಿದ್ದು ಅದಕ್ಕೇ.

ಈ ಚಾಳಿ ಹುಟ್ಟಿದ್ದು ಡೆಟ್ರಾಯ್ಟಿನ ಒಬ್ಬ ಹುಡುಗನ ಕೈಯಲ್ಲಿ, ಅದೂ ಯಂತ್ರದ ಮೇಲೆ. ಜೇಮ್ಸ್ ಯಾನ್ಸಿ ಅವನ ಹೆಸರು. ಜಗತ್ತು ಕರೆಯುವುದು ಜೆ ಡಿಲ್ಲಾ ಎಂದು. ಅವನ ವಾದ್ಯ ಎಂಪಿಸಿ 3000 ಎಂಬ ಡ್ರಮ್ ಮಷೀನು. ಟೈಪ್‌ರೈಟರಿನಷ್ಟು ದೊಡ್ಡ ಪೆಟ್ಟಿಗೆ, ಮೇಲೆ ನಾಲ್ಕು ಸಾಲು ರಬ್ಬರ್ ಗುಂಡಿಗಳು. ಒಂದನ್ನೊತ್ತಿದರೆ ಕಿಕ್ ಡ್ರಮ್ಮು, ಇನ್ನೊಂದನ್ನೊತ್ತಿದರೆ ಸ್ನೇರ್. ಬೆರಳು ಚೂರು ಹಿಂದುಮುಂದಾದರೆ ಪೆಟ್ಟನ್ನು ತಾನೇ ಎಳೆದು ತಂದು ಗೆರೆಯ ಮೇಲೆ ಕೂರಿಸುವ ಸೌಲಭ್ಯ ಆ ಯಂತ್ರದಲ್ಲಿತ್ತು. ಎಂಬತ್ತು-ತೊಂಬತ್ತರ ದಶಕದ ಎಷ್ಟೋ ಹಾಡುಗಳು ಇಸ್ತ್ರಿ ಹಾಕಿದ ಅಂಗಿಯ ಹಾಗೆ ಕೇಳುವುದು ಇಂಥ ಸೌಲಭ್ಯದಿಂದಲೇ. ಡಿಲ್ಲಾ ಅದನ್ನು ಪೂರ್ತಿ ಆರಿಸಿಬಿಟ್ಟ ಎನ್ನುವುದು ಈಗ ದಂತಕತೆ. ನಿಜ ಇನ್ನೂ ಚೆನ್ನಾಗಿದೆ: ಕೆಲವು ಪೆಟ್ಟುಗಳನ್ನು ಗೆರೆಯ ಮೇಲೇ ಬಿಟ್ಟು, ಕೆಲವನ್ನು ಬೇಕೆಂದೇ ಪಕ್ಕಕ್ಕೆ ಸರಿಸುತ್ತಿದ್ದ. ಒಂದೇ ಹಾಡಿನಲ್ಲಿ ಹೈ ಹ್ಯಾಟ್ ನೆಟ್ಟಗೆ ನಡೆಯುತ್ತಿದ್ದರೆ ಸ್ನೇರ್ ತೂಗಾಡುತ್ತದೆ. ನೇರ ನಡೆ, ತೂಗು ನಡೆ ಎರಡೂ ಒಂದೇ ಚಾಪೆಯ ಮೇಲೆ ಮಲಗಿದಾಗ ಅವುಗಳ ನಡುವೆ ಒಂದು ತಿಕ್ಕಾಟ ಹುಟ್ಟುತ್ತದಲ್ಲ, ಕೇಳುವವರ ಮೈ ಬಿಸಿಯಾಗುವುದು ಆ ತಿಕ್ಕಾಟಕ್ಕೆ. ಡಿಲ್ಲಾ 2006ರಲ್ಲಿ, 32 ತುಂಬಿದ ಮೂರನೆಯ ದಿನ, ರಕ್ತದ ಕಾಯಿಲೆಯಿಂದ ಹೋದ. ಅವನ ಆ ಪೆಟ್ಟಿಗೆ ಈಗ ವಾಷಿಂಗ್ಟನ್ನಿನಲ್ಲಿ ಆಫ್ರಿಕನ್ ಅಮೆರಿಕನ್ನರ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಯಂತ್ರ ಮಾಡಿದ್ದನ್ನು ಮನುಷ್ಯರ ಕೈಯಲ್ಲಿ ನುಡಿಸಬೇಕು ಎನ್ನುವುದು ಡಿ'ಏಂಜೆಲೊನ ಹುಚ್ಚು. ಅದಕ್ಕೆ ಸಿಕ್ಕಿದವನು ಫಿಲಡೆಲ್ಫಿಯಾದ ಡ್ರಮ್ಮರ್ ಅಹ್ಮಿರ್ ಥಾಂಪ್ಸನ್. ಕ್ವೆಸ್ಟ್‌ಲವ್ ಎಂದರೆ ಹೆಚ್ಚು ಜನಕ್ಕೆ ಗೊತ್ತು. ಇಬ್ಬರೂ ಹತ್ತಿರವಾದ ಬಗೆ ಸೊಗಸಾಗಿದೆ. ಮೊದಲ ಆಲ್ಬಮ್ಮಿನ ಹೊತ್ತಿಗೆ ಜೊತೆಗೂಡುವ ಅವಕಾಶ ಬಂದಿದ್ದರೂ ಕ್ವೆಸ್ಟ್‌ಲವ್ ಒಲ್ಲೆನೆಂದಿದ್ದ. ಆಲ್ಬಮ್ ಕೇಳಿದ ಮೇಲೆ ಕೈ ಕೈ ಹಿಸುಕಿಕೊಂಡ. 1996ರಲ್ಲಿ ಲಾಸ್ ಏಂಜಲೀಸಿನಲ್ಲಿ ತನ್ನ ‘ದಿ ರೂಟ್ಸ್’ ತಂಡದ ಕಛೇರಿ ನಡೆಯುತ್ತಿದ್ದಾಗ ಡಿ'ಏಂಜೆಲೊ ಸಭೆಯಲ್ಲಿ ಕೂತದ್ದು ಅವನ ಕಣ್ಣಿಗೆ ಬಿತ್ತು. ನುಡಿಸುತ್ತಿದ್ದ ಹಾಡಿನ ನಡುವೆಯೇ, ಗಾಯಕ ಪ್ರಿನ್ಸ್‌ನ ಅಭಿಮಾನಿಗಳಲ್ಲೂ ಕಟ್ಟಾ ಅಭಿಮಾನಿಗಳಿಗಷ್ಟೇ ಗುರುತು ಹತ್ತುವ ಒಂದು ಅಪರೂಪದ ಡ್ರಮ್ ತುಣುಕನ್ನು ತೂರಿಸಿಬಿಟ್ಟ. ಸಭೆಯಲ್ಲಿ ಒಬ್ಬನಿಗೆ ಅದು ತಾಗಿತು. ತಾಗಬೇಕಾದವನಿಗೇ ತಾಗಿತು.

ಮುಂದೆ ರೆಕಾರ್ಡಿಂಗ್ ಶುರುವಾದಾಗ ಕ್ವೆಸ್ಟ್‌ಲವ್‌ಗೆ ಸಿಕ್ಕ ಅಪ್ಪಣೆ ವಿಚಿತ್ರದ್ದು. ಕುಡಿದವನ ಹಾಗೆ ನುಡಿಸು, ಲಯ ಸೋರಲಿ. ಲಯಶುದ್ಧಿಗೇ ಹೆಸರಾದ ಡ್ರಮ್ಮರಿಗೆ ಇದಕ್ಕಿಂತ ಕಷ್ಟದ ಮಾತಿಲ್ಲ. ಬೇರೆ ಡ್ರಮ್ಮರುಗಳು ಕೇಳಿ ಇವನಿಗೆ ಕೈ ಬಿದ್ದುಹೋಯಿತು ಅಂದಾರು ಎನ್ನುವ ಅಂಜಿಕೆಯಿತ್ತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಅವನ ಹಿಂದೆ, ಇನ್ನೂ ಹಿಂದೆ, ಬೇಸ್ ಗಿಟಾರಿನಲ್ಲಿ ಪಿನೊ ಪಲ್ಲಡಿನೊ. ಹುಟ್ಟಿದ್ದು ವೇಲ್ಸಿನ ಕಾರ್ಡಿಫ್, ಅಪ್ಪ ಇಟಲಿಯವನು. ಎಂಬತ್ತರ ದಶಕದ ಬ್ರಿಟಿಷ್ ಪಾಪ್ ಹಾಡುಗಳಲ್ಲಿ ಕೇಳಿದ ಅವನ ಬೇಸಿಗೂ ಇಲ್ಲಿನದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಅವನು ಪ್ರತಿ ಸ್ವರವನ್ನೂ ಕೈಯಲ್ಲಿ ಹಿಡಿದು, ತೂಗಿ ನೋಡಿ, ಆಮೇಲೆ ಬಿಡುತ್ತಾನೆ. ಬಿಟ್ಟ ಸ್ವರ ನೆಲ ಮುಟ್ಟುವಷ್ಟರಲ್ಲಿ ಡ್ರಮ್ಮಿನ ಪೆಟ್ಟು ಬಂದು ಹೋಗಿರುತ್ತದೆ.

ಇದೆಲ್ಲ ನಡೆದ ಜಾಗದ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ, 8ನೇ ಬೀದಿಯಲ್ಲಿ, ಎಲೆಕ್ಟ್ರಿಕ್ ಲೇಡಿ ಎಂಬ ಸ್ಟುಡಿಯೋ. ಗಿಟಾರಿನ ಜಿಮಿ ಹೆಂಡ್ರಿಕ್ಸ್ ಒಂದು ಕ್ಲಬ್ಬನ್ನು ಕೊಂಡು ತನಗೆಂದು ಕಟ್ಟಿಸಿಕೊಂಡದ್ದು. ಕಟ್ಟಡದ ಅಡಿಯಲ್ಲಿ ಹೂತುಹೋದ ಹಳೆಯ ಹೊಳೆಯೊಂದಿದ್ದು, ಕಟ್ಟುವಾಗ ನೀರು ನುಗ್ಗಿ ಪಂಪ್ ಹಾಕಬೇಕಾಯಿತಂತೆ. 1970ರ ಆಗಸ್ಟಿನಲ್ಲಿ ಬಾಗಿಲು ತೆರೆಯಿತು. ಸೆಪ್ಟೆಂಬರ್ 18ಕ್ಕೆ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ಸತ್ತ. ಗೃಹಪ್ರವೇಶ ಮಾಡಿದವನಿಗೆ ಮನೆಯ ಋಣ ಕೆಲವೇ ವಾರ. ಆಮೇಲೆ ಗಾಯಕ ಸ್ಟೀವಿ ವಂಡರ್ ಎಪ್ಪತ್ತರ ದಶಕದ ತನ್ನ ಕೆಲವು ಒಳ್ಳೆಯ ಹಾಡುಗಳನ್ನು ಧ್ವನಿಮುದ್ರಿಸಿಕೊಂಡದ್ದೂ ಇಲ್ಲಿಯೇ. ತೊಂಬತ್ತರ ದಶಕದ ಕೊನೆಗೆ ಡಿ'ಏಂಜೆಲೊನ ಬಳಗ ಬಂದು ಬೀಡುಬಿಟ್ಟಿತು. ಇವನ ವೂಡೂ, ಗಾಯಕಿ ಎರಿಕಾ ಬಾಡುವಿನ ‘ಮಾಮಾಸ್ ಗನ್’, ಕಾಮನ್ ಎಂಬ ರ‍್ಯಾಪರನ ‘ಲೈಕ್ ವಾಟರ್ ಫಾರ್ ಚಾಕ್ಲೆಟ್’ ಎಲ್ಲವೂ ಒಂದೇ ಸೂರಿನಡಿ, ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ ತಯಾರಾದವು. ಈ ಕೋಣೆಯವರು ಆ ಕೋಣೆಗೆ ಹೋಗಿ ನುಡಿಸುವುದು, ಆ ಹಾಡು ಈ ಕಡೆ ಬರುವುದು. ಮಾವನಿಗೆ ಕೇಳಿಸಿದೆನಲ್ಲ, ಆ ‘ಚಿಕನ್ ಗ್ರೀಸ್’ ಮೊದಲು ಕಾಮನ್‌ಗೆಂದು ಕಟ್ಟಿದ್ದು. ಡಿ'ಏಂಜೆಲೊ ಅದರ ಮೇಲೆ ಕಣ್ಣು ಹಾಕಿ, ಬದಲಿಗೆ ತನ್ನದೊಂದು ಹಾಡು ಕೊಟ್ಟು ಇಸಿದುಕೊಂಡ. ಬಳಗದ ಮುಖ್ಯರಾದ ಕ್ವೆಸ್ಟ್‌ಲವ್, ಡಿಲ್ಲಾ, ಕೀಬೋರ್ಡಿನ ಜೇಮ್ಸ್ ಪಾಯ್ಸರ್, ಡಿ'ಏಂಜೆಲೊ ನಾಲ್ವರೂ ಅವರ ಲೆಕ್ಕದಲ್ಲಿ ಕುಂಭ ರಾಶಿಯವರು. ಹಾಗಾಗಿ ‘ಸೋಲ್’ಗೆ ‘ಅಕ್ವೇರಿಯಸ್’ ಬೆಸೆದು ‘ಸೋಲ್‌ಕ್ವೇರಿಯನ್ಸ್’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು.

ಕೆಲಸದ ರೀತಿ ನೋಡಿದರೆ ದುಡ್ಡು ಹಾಕಿದವರ ಎದೆ ಒಡೆಯಬೇಕು. ಸಂಜೆ ಸೇರುವುದು. ಪ್ರಿನ್ಸ್, ಜೇಮ್ಸ್ ಬ್ರೌನ್, ಮಾರ್ವಿನ್ ಗೇ ಇವರ ಹಳೆಯ ಕಾರ್ಯಕ್ರಮಗಳ ವಿಡಿಯೋ ಹಾಕಿಕೊಂಡು ನೋಡುವುದು. ಆಮೇಲೆ ಯಾವುದಾದರೂ ಹಳೆಯ ಆಲ್ಬಮ್ಮನ್ನು ಹಿಡಿದು ನುಡಿಸುತ್ತ ಹೋಗುವುದು. ಹಾಗೆ ನುಡಿಸುತ್ತಿರುವಾಗ ಎಲ್ಲೋ ಒಂದು ಕಡೆ ದಾರಿ ತಪ್ಪುತ್ತದೆ. ಆ ತಪ್ಪುದಾರಿ ಚೆನ್ನಾಗಿದ್ದರೆ ಅದೇ ಹೊಸ ಹಾಡು. ಅಲ್ಲಿಯ ತನಕ ಟೇಪ್ ತಿರುಗುತ್ತಲೇ ಇರಬೇಕು. ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸುವುದು ಆಗಲೇ ಬಂದಿದ್ದರೂ ಎಂಜಿನಿಯರ್ ರಸೆಲ್ ಎಲೆವಾಡೊ ಎರಡು ಇಂಚು ಅಗಲದ ಟೇಪಿಗೆ, ಹಳೆಯ ಕಾಲದ ಉಪಕರಣಗಳಿಗೆ ಅಂಟಿಕೊಂಡ. ಡ್ರಮ್ಮಿನ ಪೆಟ್ಟಿಗೆ ಒಂದು ಮರದ ವಾಸನೆ, ಬೇಸಿಗೆ ಕಂಬಳಿಯ ಬಿಸುಪು ಬಂದದ್ದು ಹಾಗೆ. ಮೊದಲ ಆಲ್ಬಮ್ ‘ಬ್ರೌನ್ ಶುಗರ್’ ಬಂದದ್ದು 1995ರಲ್ಲಿ. ಎರಡನೆಯದು ಹೊರಬರುವಷ್ಟರಲ್ಲಿ ನಾಲ್ಕೂವರೆ ವರ್ಷ. ನಡುವೆ ಹಾಡು ಹುಟ್ಟದೆ ಡಿ'ಏಂಜೆಲೊ ಒದ್ದಾಡಿದ. ಮಗ ಹುಟ್ಟಿದ ಮೇಲೆ ಹಾಡೂ ಹುಟ್ಟತೊಡಗಿತು ಎಂದು ಹೇಳಿಕೊಂಡಿದ್ದಾನೆ.

ಇನ್ನು ಆಲ್ಬಮ್ಮಿನ ಹೆಸರು. ಪಶ್ಚಿಮ ಆಫ್ರಿಕದ ಈಗಿನ ಬೆನಿನ್ ಸೀಮೆಯ ಫೊನ್ ಭಾಷೆಯಲ್ಲಿ ವೊಡುನ್ ಅಂದರೆ ದೈವ, ಆತ್ಮ. ಗುಲಾಮರ ಹಡಗಿನಲ್ಲಿ ಆ ಮಾತು ಹೈಟಿಗೆ, ಲೂಸಿಯಾನಾಕ್ಕೆ ಬಂತು. ಡೋಲು ಬಡಿದು, ಕುಣಿದು, ದೈವವನ್ನು ಮೈಮೇಲೆ ಬರಿಸಿಕೊಳ್ಳುವ ಆರಾಧನೆ. ದೈವ ಮೈಮೇಲೆ ಬರುವುದೆಂದರೆ ಏನು ಎನ್ನುವುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಡೋಲಿನ ಭಯ ಒಡೆಯರಿಗೆ ಎಷ್ಟಿತ್ತೆಂದರೆ, ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರು ದಂಗೆಯೆದ್ದ ಮೇಲೆ 1740ರ ಕಾನೂನು ಅವರು ಡೋಲು ಬಡಿಯುವುದನ್ನೇ ನಿಷೇಧಿಸಿತು. ಸಿನಿಮಾದವರು ಮುಂದೆ ಈ ವೂಡೂವನ್ನು ಸೂಜಿ ಚುಚ್ಚಿದ ಗೊಂಬೆಯ ಮಾಟವನ್ನಾಗಿ ಮಾಡಿಟ್ಟರು.

ಅಂಥ ಹೆಸರನ್ನು ಆರಿಸಿಕೊಂಡವನು ಪಾದ್ರಿಯ ಮಗ, ಪಾದ್ರಿಯ ಮೊಮ್ಮಗ. ಹುಟ್ಟುಹೆಸರು ಮೈಕಲ್ ಯೂಜೀನ್ ಆರ್ಚರ್. 1974ರ ಫೆಬ್ರವರಿ 11ರಂದು ವರ್ಜೀನಿಯಾದ ರಿಚ್ಮಂಡಿನಲ್ಲಿ ಹುಟ್ಟಿ, ಪೆಂಟಕೋಸ್ಟಲ್ ಚರ್ಚಿನಲ್ಲಿ ಪಿಯಾನೋ ನುಡಿಸುತ್ತ ಬೆಳೆದವನು. ಪವಿತ್ರಾತ್ಮ ಮೈಮೇಲೆ ಬಂದು ಭಕ್ತರು ನಡುಗುವುದು, ಕೂಗುವುದು, ಕುಣಿಯುವುದು ಆ ಚರ್ಚಿನಲ್ಲೂ ಉಂಟು. ಹೆಸರು ಬೇರೆ, ಮೈ ನಡುಗುವುದು ಒಂದೇ ಎನ್ನುವುದು ಅವನಿಗೆ ಚಿಕ್ಕಂದಿನಲ್ಲೇ ಹೊಳೆದಿರಬೇಕು. ಹಾರ್ಲೆಮ್ಮಿನ ಅಪೊಲೊ ಥಿಯೇಟರಿನ ಹವ್ಯಾಸಿ ಗಾಯಕರ ಸ್ಪರ್ಧೆಯಲ್ಲಿ ಗೆದ್ದ ದುಡ್ಡಿಗೆ ನಾಲ್ಕು ಟ್ರ್ಯಾಕಿನ ರೆಕಾರ್ಡರ್ ಕೊಂಡು, ಮೊದಲ ಆಲ್ಬಮ್ಮಿನ ಹಾಡುಗಳನ್ನು ಮನೆಯ ಕೋಣೆಯಲ್ಲೇ ಕಟ್ಟತೊಡಗಿದ.

ಸೋಲ್ ಎಂಬ ಪ್ರಕಾರವೇ ಹುಟ್ಟಿದ್ದು ದೇವರ ಹಾಡಿನ ಧಾಟಿಗೆ ಪ್ರೇಯಸಿಯ ಹೆಸರು ಸೇರಿಸಿದ್ದರಿಂದ. ಐವತ್ತರ ದಶಕದಲ್ಲಿ ರೇ ಚಾರ್ಲ್ಸ್ ಇದನ್ನು ಮಾಡಿದಾಗ ಚರ್ಚಿನ ಹಿರಿಯರು ಉಗಿದರು. ಆಲ್ ಗ್ರೀನ್ ಪ್ರೇಮದ ಹಾಡುಗಳ ಉತ್ತುಂಗದಲ್ಲಿದ್ದಾಗಲೇ ಮೆಂಫಿಸ್‌ನಲ್ಲಿ ಚರ್ಚು ತೆರೆದು ಪಾದ್ರಿಯಾದ. ಮಾರ್ವಿನ್ ಗೇ 1984ರ ಏಪ್ರಿಲ್ 1ರಂದು ಸತ್ತದ್ದು ಧರ್ಮಬೋಧಕನಾಗಿದ್ದ ಅಪ್ಪನ ಗುಂಡಿಗೆ. ನಮ್ಮ ಕಛೇರಿಯಲ್ಲಿ ತ್ಯಾಗರಾಜರ ಕೃತಿಯಾದ ಮೇಲೆ ಅದೇ ವೇದಿಕೆಯಲ್ಲಿ, ಅದೇ ವಿದುಷಿ, ಬಾರದ ನಲ್ಲನನ್ನು ಬೈಯುವ ಜಾವಳಿ ಹಾಡಿದರೆ ಯಾರೂ ಎದ್ದು ಹೋಗುವುದಿಲ್ಲ. ಅಲ್ಲಿ ಭಾನುವಾರ ಬೆಳಗಿನ ಹಾಡಿಗೂ ಶನಿವಾರ ರಾತ್ರಿಯ ಹಾಡಿಗೂ ನಡುವೆ ಬೇಲಿಯಿತ್ತು, ದಾಟಿದವರಿಗೆ ಗಾಯವಾಗುತ್ತಿತ್ತು. ವೂಡೂ ಆ ಬೇಲಿಯ ಮೇಲೇ ಕೂತ ಆಲ್ಬಮ್. ಮಾರುಕಟ್ಟೆಯವರು ಇದಕ್ಕೆ ‘ನಿಯೋ ಸೋಲ್’ ಎಂದು ಲೇಬಲ್ ಅಂಟಿಸಿದ್ದರು. ಡಿ'ಏಂಜೆಲೊನಿಗೆ ಅದು ಒಗ್ಗಲಿಲ್ಲ. ತಾನು ಮಾಡುವುದು ಬ್ಲ್ಯಾಕ್ ಮ್ಯೂಸಿಕ್, ಅಷ್ಟೇ ಎನ್ನುತ್ತಿದ್ದ.

ಹದಿಮೂರು ಹಾಡುಗಳಲ್ಲಿ ಎಲ್ಲವೂ ಹಾಸಿಗೆಯ ಸುತ್ತ ಸುತ್ತುವುದಿಲ್ಲ. ‘ಡೆವಿಲ್ಸ್ ಪೈ’ ದುಡ್ಡಿನ ಆಸೆಗೆ ಬಿದ್ದವರ ಹಾಡು. ಡಿಜೆ ಪ್ರೀಮಿಯರ್ ಹಳೆಯ ರೆಕಾರ್ಡುಗಳ ಚೂರುಗಳನ್ನು ಹೊಲಿದು ಕಟ್ಟಿಕೊಟ್ಟ ತಾಳದ ಮೇಲೆ, ಹತ್ತಾರು ಜನ ಸಂಕೋಲೆ ಎಳೆದುಕೊಂಡು ನಡೆದಂತೆ ಕೇಳುತ್ತದೆ. ‘ಸ್ಪ್ಯಾನಿಶ್ ಜಾಯಿಂಟ್’ನಲ್ಲಿ ಇಡೀ ಬಳಗ ಕ್ಯೂಬಾದ ಕಡೆ ಓಡುತ್ತದೆ. ಅದರಲ್ಲಿ ಚಾರ್ಲಿ ಹಂಟರನದು ಎಂಟು ತಂತಿಯ ಗಿಟಾರು: ದಪ್ಪ ತಂತಿಗಳಲ್ಲಿ ಬೇಸ್, ತೆಳು ತಂತಿಗಳಲ್ಲಿ ಗಿಟಾರ್, ಒಬ್ಬನೇ ಏಕಕಾಲಕ್ಕೆ ಎರಡೂ. ಇಬ್ಬರು ನುಡಿಸುತ್ತಿದ್ದಾರೆಂದು ಎಷ್ಟೋ ವರ್ಷ ನಂಬಿದ್ದೆ. ರಾಯ್ ಹಾರ್‌ಗ್ರೋವ್ ಒಬ್ಬನೇ ಟ್ರಂಪೆಟ್ಟಿನ ಮೇಲೆ ಟ್ರಂಪೆಟ್ ಪದರ ಹಾಕಿ ಇಡೀ ತುತ್ತೂರಿ ಮೇಳವನ್ನು ಕಟ್ಟಿದ್ದಾನೆ. ರೊಬರ್ಟಾ ಫ್ಲ್ಯಾಕ್ 1974ರಲ್ಲಿ ಹಾಡಿ ಗೆದ್ದ ‘ಫೀಲ್ ಲೈಕ್ ಮೇಕಿನ್ ಲವ್’ ಇಲ್ಲಿ ಮಂಪರಿನಲ್ಲಿ ಗುನುಗಿದಂತಿದೆ. ನನಗೆ ಹಿಡಿಸದ ಹಾಡೆಂದರೆ ‘ಲೆಫ್ಟ್ ಅಂಡ್ ರೈಟ್’. ಮೆಥಡ್ ಮ್ಯಾನ್, ರೆಡ್‌ಮ್ಯಾನ್ ಎಂಬ ಇಬ್ಬರು ರ‍್ಯಾಪರುಗಳು ಬಂದು ಹೆಂಗಸರ ಬಗ್ಗೆ ಗಟ್ಟಿದನಿಯಲ್ಲಿ ಪೋಲಿ ಮಾತಾಡಿ ಹೋಗುತ್ತಾರೆ. ಉಳಿದ ಹನ್ನೆರಡು ಹಾಡು ಪಿಸುದನಿಯಲ್ಲಿ ಕಟ್ಟಿದ್ದನ್ನು ಆ ಒಂದು ಹಾಡು ಬೀದಿಗೆ ತರುತ್ತದೆ.

ಪಿಸುದನಿ ಎಂದೆ. ಡಿ'ಏಂಜೆಲೊ ಹಾಡುವಾಗ ಪದಗಳನ್ನು ಅಗಿದುಬಿಡುತ್ತಾನೆ. ಹುಟ್ಟಾ ಇಂಗ್ಲಿಷಿನವರಿಗೂ ಅರ್ಧ ಮಾತು ತಿಳಿಯುವುದಿಲ್ಲ. ಒಂದೇ ಸಾಲನ್ನು ತಾನೇ ಹಲವು ಸಲ, ಹಲವು ಶ್ರುತಿಯಲ್ಲಿ, ಒಂದರ ಮೇಲೊಂದು ಹಾಡಿ ಪೇರಿಸುತ್ತಾನೆ. ಆ ಹಲವು ಕಂಠಗಳೂ ಕೂಡಿ ಒಂದೇ ಗಳಿಗೆಗೆ ಬಾಯಿ ತೆರೆಯುವುದಿಲ್ಲ. ಒಂದು ಮುಂಚೆ, ಇನ್ನೊಂದು ತುಸು ತಡ. ಚರ್ಚಿನ ಮೇಳದಲ್ಲಿ ಇಪ್ಪತ್ತು ಜನ ಹಾಡುವಾಗ ಆಗುವುದು ಇದೇ. ಇಲ್ಲಿ ಇಪ್ಪತ್ತೂ ಜನ ಅವನೇ. ಆಲ್ಬಮ್ ಬಂದಾಗ ಕೆಲವು ವಿಮರ್ಶಕರು ಹಾಡಿಗೆ ಅಚ್ಚುಕಟ್ಟಿಲ್ಲ, ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ ಎಂದು ಗೊಣಗಿದ್ದರು. ನಿಜ, ಹೋಗಿ ಮುಟ್ಟುವ ಅವಸರ ಇಲ್ಲಿ ಯಾರಿಗೂ ಇಲ್ಲ. ಬೆಲ್ಟ್ ಬದಲಿಸಲು ಹೊರಟಿದ್ದ ನಾನು ಅವರನ್ನು ಆಡಿಕೊಳ್ಳುವಂತಿಲ್ಲ.

ಇನ್ನು ಆ ಬರಿಮೈಯ ವಿಡಿಯೋ. ಹಾಡಿಗೆ ಹೆಸರೂ ಇಡಲಿಲ್ಲ, ‘ಅನ್‌ಟೈಟಲ್ಡ್’ ಎಂದೇ ಬಿಟ್ಟು, ಪಲ್ಲವಿಯ ಮಾತನ್ನು ಕಂಸದಲ್ಲಿ ಸೇರಿಸಿದರು. ಪಾಲ್ ಹಂಟರ್ ಮತ್ತು ಡಿ'ಏಂಜೆಲೊನ ಮ್ಯಾನೇಜರ್ ಡೊಮಿನಿಕ್ ಟ್ರೆನಿಯರ್ ನಿರ್ದೇಶಿಸಿದ್ದು. ಕಪ್ಪು ಹಿನ್ನೆಲೆ, ಒಬ್ಬ ಗಂಡಸು, ಸೊಂಟದವರೆಗೆ ಬರಿಮೈ, ಕ್ಯಾಮೆರಾ ಮುಖದಿಂದ ಇಳಿದು ಹೊಟ್ಟೆಯ ಕೆಳಗೆ ಬಂದು ನಿಲ್ಲುತ್ತದೆ, ಮತ್ತೆ ಏರುತ್ತದೆ. ಅಷ್ಟೇ. ಚಿತ್ರೀಕರಣದ ಹೊತ್ತಿನಲ್ಲಿ ಅಜ್ಜಿಯ ಅಡುಗೆಯನ್ನು ನೆನೆಸಿಕೊಳ್ಳಲು ಹೇಳಿದ್ದೆ ಎಂದು ಹಂಟರ್ ವರ್ಷಗಳ ಮೇಲೆ ಹೇಳಿದ್ದಾನೆ. ಆ ಮುಖದಲ್ಲಿ ಕಾಣುವ ಹಸಿವು ಸೊಪ್ಪಿನ ಪಲ್ಯದ್ದೋ ಏನೋ, ನೋಡಿದವರು ಅದನ್ನು ಬೇರೆಯದೇ ಹಸಿವೆಂದು ತಿಳಿದರು.

ಹಾಡು ಗೆದ್ದಿತು. ಮರುವರ್ಷ ಆಲ್ಬಮ್ಮಿಗೊಂದು, ಈ ಹಾಡಿನ ಗಾಯನಕ್ಕೊಂದು ಗ್ರ್ಯಾಮಿ ಬಂತು. ಆದರೆ 2000ದಲ್ಲಿ ಹೊರಟ ಆಲ್ಬಮ್ಮಿನ ಪ್ರವಾಸದಲ್ಲಿ ಊರೂರಿಗೂ ಒಂದೇ ಕೂಗು: ಅಂಗಿ ಬಿಚ್ಚು. ವೇದಿಕೆಯ ಮೇಲೆ ದೇಶದ ಅತ್ಯುತ್ತಮ ವಾದಕರ ದೊಡ್ಡ ಮೇಳ, ವರ್ಷಗಟ್ಟಲೆ ತಿದ್ದಿ ತೀಡಿದ ಲಯ. ಕೆಳಗಿನವರಿಗೆ ಬೇಕಾದದ್ದು ಹೊಟ್ಟೆಯ ಸ್ನಾಯು. ಮೈ ಸರಿಯಾಗಿಲ್ಲ ಎಂದು ಕನ್ನಡಿಯ ಮುಂದೆ ನಿಂತು ಕಾರ್ಯಕ್ರಮಕ್ಕೆ ತಡ ಮಾಡುವುದು, ಕೆಲವು ಕಾರ್ಯಕ್ರಮಗಳನ್ನು ರದ್ದೇ ಮಾಡುವುದು ಶುರುವಾಯಿತು. ಪ್ರವಾಸ ಮುಗಿಸಿ ರಿಚ್ಮಂಡಿಗೆ ಹೋದವನು ಕುಡಿತಕ್ಕೆ, ಮಾದಕವಸ್ತುಗಳಿಗೆ ಬಿದ್ದ. 2005ರಲ್ಲಿ ಪೊಲೀಸ್ ಕೇಸಾಯಿತು, ಕಾರು ಮಗುಚಿ ಜೀವ ಉಳಿದದ್ದೇ ಹೆಚ್ಚಾಯಿತು. ಹೆಣ್ಣುಮಕ್ಕಳಿಗೆ ಸಿನಿಮಾದವರು ದಿನಾ ಮಾಡುವುದನ್ನೇ ಇವನಿಗೂ ಮಾಡಿದರು, ಅದಕ್ಕೇಕೆ ಇಷ್ಟು ಅಳು ಎಂದು ಕೇಳಿದವರೂ ಇದ್ದಾರೆ. ಕೇಳುವ ಮಾತೇ. ಮೂರನೆಯ ಆಲ್ಬಮ್ ‘ಬ್ಲ್ಯಾಕ್ ಮೆಸ್ಸಾಯ’ 2014ರ ಡಿಸೆಂಬರಿನಲ್ಲಿ ಬರುವ ಹೊತ್ತಿಗೆ ಹದಿನೈದು ವರ್ಷ ಆಗುತ್ತ ಬಂದಿತ್ತು. ಅವನು ಇದ್ದಷ್ಟು ದಿನದಲ್ಲಿ ಬಂದ ಸ್ಟುಡಿಯೋ ಆಲ್ಬಮ್ ಆ ಮೂರೇ.

ಆ ಹೆಸರಿಲ್ಲದ ಹಾಡನ್ನು ವಿಡಿಯೋ ನೋಡದೆ ಕೇಳಬೇಕು. ನನ್ನ ಪುಣ್ಯ, ನನಗೆ ಮೊದಲು ಸಿಕ್ಕಿದ್ದು ಕ್ಯಾಸೆಟ್. ಪ್ರಿನ್ಸ್‌ಗೆ ಕೈಮುಗಿದು ಕಟ್ಟಿದ ಹಾಡು. ಜೊತೆಗೂಡಿ ಬರೆದ ರಾಫೆಲ್ ಸಾದಿಕ್ ಅದರಲ್ಲಿ ಗಿಟಾರ್, ಬೇಸ್ ನುಡಿಸಿದ್ದಾನೆ. ಆರರ ನಡೆ, ನಮ್ಮ ರೂಪಕ ತಾಳದ ತೂಗಾಟಕ್ಕೆ ಹತ್ತಿರ, ಆದರೆ ಇಷ್ಟು ನಿಧಾನದ ರೂಪಕವನ್ನು ನಾನು ಕೇಳಿಲ್ಲ. ಡ್ರಮ್ಮಿನ ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ ಉಸಿರೆಳೆದು ಬಿಡಬಹುದು. ಗಿಟಾರ್ ಎರಡು ಮಾತಾಡಿ ಸುಮ್ಮನಾಗುತ್ತದೆ. ದನಿ ಶುರುವಾಗುವುದು ಕಿವಿಯ ಪಕ್ಕದಲ್ಲೆನ್ನುವಷ್ಟು ಮೆಲ್ಲಗೆ, ಕಳ್ಳದನಿಯ ಎತ್ತರದಲ್ಲಿ. ಒಂದು ನಿಮಿಷ, ಎರಡು ನಿಮಿಷ, ಏನೂ ಆಗುವುದಿಲ್ಲ. ಮೂರನೆಯದಕ್ಕೆ ಹಿಂದಿನಿಂದ ಇನ್ನೊಂದು ದನಿ, ಅದೂ ಅವನದೇ. ಐದು ದಾಟುವ ಹೊತ್ತಿಗೆ ಎಷ್ಟು ಜನ ಹಾಡುತ್ತಿದ್ದಾರೆಂದು ಎಣಿಸಲಾಗುವುದಿಲ್ಲ. ಪಿಸುಗುಟ್ಟುತ್ತಿದ್ದವನು ಈಗ ಕೂಗುತ್ತಿದ್ದಾನೆ. ರಿಚ್ಮಂಡಿನ ಚರ್ಚಿನಲ್ಲಿ ಪವಿತ್ರಾತ್ಮ ಇಳಿದಾಗ ಕೂಗುತ್ತಿದ್ದದ್ದು ಹೀಗೇ ಇರಬೇಕು. ಡ್ರಮ್ಮು ಮಾತ್ರ ಅವಸರ ಮಾಡುವುದಿಲ್ಲ. ಮೊದಲ ನಿಮಿಷದಲ್ಲಿ ಎಷ್ಟು ತಡವೋ ಏಳನೆಯದರಲ್ಲೂ ಅಷ್ಟೇ ತಡ.

ಏಳು ನಿಮಿಷ ಹತ್ತು ಸೆಕೆಂಡಿಗೆ, ಸಾಲಿನ ನಡುವೆ, ಹಾಡು ಕತ್ತರಿಸಿದಂತೆ ನಿಂತುಬಿಡುತ್ತದೆ. ಮೆಲ್ಲಗೆ ಕರಗುವುದೂ ಇಲ್ಲ, ಮುಕ್ತಾಯವೂ ಇಲ್ಲ. ನುಡಿಸುತ್ತ ನುಡಿಸುತ್ತ ಸ್ಟುಡಿಯೋದ ಟೇಪ್ ಸುರುಳಿಯೇ ಮುಗಿದುಹೋಯಿತಂತೆ. ಅದನ್ನು ಹಾಗೆಯೇ ಇಟ್ಟುಕೊಂಡರು. ನನ್ನ ಕ್ಯಾಸೆಟ್ಟಿನಲ್ಲಿ ಆ ಜಾಗ ಬಂದಾಗಲೆಲ್ಲ ಕೈ ತಾನಾಗಿ ಗುಂಡಿಯ ಕಡೆ ಹೋಗುತ್ತಿತ್ತು, ಟೇಪ್ ಸಿಕ್ಕಿಕೊಂಡಿತೇನೋ ಎಂದು. ಅಷ್ಟರಲ್ಲಿ ಸಣ್ಣ ಗಂಟೆಗಳಂಥ ಮೆದು ನಾದದೊಂದಿಗೆ ಕೊನೆಯ ಹಾಡು ಎದ್ದುಕೊಳ್ಳುತ್ತಿತ್ತು. ಅದರ ಹೆಸರು ‘ಆಫ್ರಿಕಾ’. ಹಿರಿಯರ ನೆಲವನ್ನು ನೆನೆದು, ಆಗಷ್ಟೇ ಹುಟ್ಟಿದ ಮಗನಿಗಾಗಿ ಹಾಡಿದ್ದು.